ಠಾಣೆಯ ಕಾಯಂ ಪಂಚ

ಸರ್ಕಾರವೆಂದರೆ ಯಾರು ಎಂದು ಯಡಿಯೂರಿನ ಬೈರಣ್ಣನನ್ನು ಕೇಳಿದ್ದರೆ ಅವನು ವಿಧಾನಸೌಧದ ಕಡೆಗೆ ಕೈ ತೋರಿಸುತ್ತಿರಲಿಲ್ಲ. ತನ್ನ ಎದೆಯ ಜೇಬಿನಲ್ಲಿದ್ದ ಪೆನ್ನು ಮುಟ್ಟಿ ತೋರಿಸುತ್ತಿದ್ದ. ಅಲ್ಲಿ ಕೂತವರು ಕಾನೂನು ಮಾಡಬಹುದು, ಕೋರ್ಟಿನಲ್ಲಿ ಕೂತವರು ತೀರ್ಪು ಕೊಡಬಹುದು. ಆದರೆ ಅದೆಲ್ಲ ಬೀದಿಗೆ ಇಳಿಯಬೇಕಾದರೆ ಪೊಲೀಸರೋ ಪಾಲಿಕೆಯವರೋ ಬರಬೇಕು. ಅವರು ಬಂದು ಮಾಡಿದ್ದು ಸಾಚಾ ಎನ್ನಿಸಿಕೊಳ್ಳಬೇಕಾದರೆ ಮಹಜರು ಬರೆಯಬೇಕು, ಮಹಜರಿನ ಕೆಳಗೆ ಇಬ್ಬರು ಪಂಚರ ಸಹಿ ಬೀಳಬೇಕು. ಆ ಇಬ್ಬರಲ್ಲಿ ಒಬ್ಬ ಮೂವತ್ತೊಂದು ವರ್ಷದಿಂದ ಬೈರಣ್ಣನೇ.

ಮಹಜರು ಅಂದರೆ ಗಾಬರಿಯಾಗುವಂಥದ್ದೇನೂ ಅಲ್ಲ. ಕಳ್ಳತನವಾದ ಮನೆಯಿರಲಿ, ಜಪ್ತಿಯಾದ ಗಾಡಿಯಿರಲಿ, ಬೀಗ ಜಡಿದ ಅಂಗಡಿಯಿರಲಿ, ಅಧಿಕಾರಿಯಾದವನು ಅಲ್ಲಿ ಕಂಡದ್ದನ್ನೂ ಮಾಡಿದ್ದನ್ನೂ ಕಾಗದದಲ್ಲಿ ಬರೆದು, ಇದೆಲ್ಲ ನಮ್ಮ ಕಣ್ಣೆದುರೇ ನಡೆಯಿತು ಎಂದು ಆ ಊರಿನ ಇಬ್ಬರು ಮರ್ಯಾದಸ್ಥರಿಂದ ಸಹಿ ಹಾಕಿಸಿಕೊಳ್ಳುವುದು. ಆ ಮರ್ಯಾದಸ್ಥರೇ ಪಂಚರು. ಇವತ್ತು ಕೆಲಸ ಕೆಡಿಸಿಕೊಂಡು ನಾಳೆ ಕೋರ್ಟಿಗೆ ಅಲೆಯುವ ತಲೆನೋವು ಯಾರಿಗೆ ಬೇಕು? ಪೊಲೀಸರು ಪಂಚರನ್ನು ಹುಡುಕಿಕೊಂಡು ಬಂದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಬೈರಣ್ಣ ಮಾತ್ರ ಕರೆಯುವ ಮೊದಲೇ ಶರ್ಟು ಹಾಕಿಕೊಂಡು ನಿಂತಿರುತ್ತಿದ್ದ.

ಆ ಶರ್ಟಿಗೆ ಮನೆಯಲ್ಲಿ ಮಹಜರು ಶರ್ಟು ಎಂದೇ ಹೆಸರು. ಬಿಳಿಯದು, ಅರ್ಧ ತೋಳಿನದು. ಹೆಂಡತಿ ಲಕ್ಷ್ಮಿದೇವಮ್ಮ ಅದನ್ನು ನೀಲಿ ಹಾಕಿ ಒಗೆದು ಇಟ್ಟಿರಬೇಕು. ಪೆನ್ನು ಹಿಂದೆ ಇದ್ದ ಇನ್ಸ್‌ಪೆಕ್ಟರೊಬ್ಬರು ವರ್ಗವಾಗಿ ಹೋಗುವಾಗ ಕೊಟ್ಟದ್ದು. ಠಾಣೆಯ ಹೆಡ್ ಕಾನ್‌ಸ್ಟೇಬಲ್ ಸಂಜೀವಯ್ಯನ ಫೋನು ಬಂತೆಂದರೆ ಬೈರಣ್ಣ ತಟ್ಟೆ ಬಿಟ್ಟು ಏಳುತ್ತಿದ್ದ.

"ಎಲ್ಲಿಗ್ರೀ ಅರ್ಧ ಊಟಕ್ಕೆ ಎದ್ದು?"

"ಸರ್ಕಾರಿ ಕೆಲ್ಸ."

"ಮುದ್ದೆ ನುಂಗೋವರ್ಗೂ ಕಾಯಕ್ಕಾಗಲ್ವಂತಾ ಸರ್ಕಾರಕ್ಕೆ?"

ಅವಳಿಗೆ ಏನು ಗೊತ್ತು? ಬೈರಣ್ಣನ ಅಪ್ಪ ಕೆರೆಯ ಪಕ್ಕದ ಹೊಲದಲ್ಲಿ ರಾಗಿ ಬೆಳೆಯುತ್ತಿದ್ದವನು. ಹೊಲ ಬಡಾವಣೆಯಾಯಿತು, ಉಳಿದ ತುಂಡಿನಲ್ಲಿ ಬಾಡಿಗೆ ಮನೆಗಳು ಎದ್ದವು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮಗ ಮಾಲೀಕನಾದ. ಅಂಥ ಮಾಲೀಕರು ಬೀದಿಗೆ ಹತ್ತು ಜನ ಸಿಗುತ್ತಾರೆ. ಆದರೆ ಪೊಲೀಸ್ ಜೀಪು ಯಾರ ಮನೆ ಮುಂದೆ ನಿಂತು, ಯಾರನ್ನು ಹೆಸರು ಹಿಡಿದು ಕೂಗಿ, ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತದೆ? ಬೈರಣ್ಣನಿಗೆ ಈ ಭೂಮಿಯ ಮೇಲೆ ಇದ್ದ ದೊಡ್ಡಸ್ತಿಕೆ ಅದೊಂದೇ. ಅದನ್ನು ಕಿತ್ತುಕೊಂಡರೆ ಅವನು ಬರೀ ನೀರಿನ ಮೋಟರು ಹಾಕುವ ಓನರು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಮಹಜರನ್ನೂ ಅವನು ಓದಿರಲಿಲ್ಲ. ಓದಲು ಬರುತ್ತಿರಲಿಲ್ಲವೆಂದಲ್ಲ. ಓದುವುದೆಂದರೆ ಸಂಜೀವಯ್ಯನನ್ನು ನಂಬದೇ ಹೋದಂತೆ ಎಂದು ಅವನ ಲೆಕ್ಕ. ಎಷ್ಟೋ ಸಲ ಜಾಗಕ್ಕೂ ಹೋಗಿರಲಿಲ್ಲ. ಠಾಣೆಯ ಬೆಂಚಿನ ಮೇಲೆ ಕೂತು ಸಹಿ ಹಾಕಿ, ಎದುರಿನ ಅಂಗಡಿಯಲ್ಲಿ ಚಾ ಕುಡಿದು ಬರುತ್ತಿದ್ದ. ಆಮೇಲೆ ಕೋರ್ಟಿನಲ್ಲಿ ನಿಂತು, "ಹೌದು ಸ್ವಾಮಿ, ನನ್ ಕಣ್ಣೆದುರೇ," ಎನ್ನುತ್ತಿದ್ದ. ಅದು ಸುಳ್ಳೆಂದು ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಸರ್ಕಾರ ಹೇಳಿದ ಮೇಲೆ ನಡೆದೇ ಇರುತ್ತದೆ ಎಂದುಕೊಂಡಿದ್ದ.

ಇಂಥವನ ಹೊಟ್ಟೆಗೆ ಕಿಚ್ಚಿಟ್ಟವರು ಅವನದೇ ಮೂರನೇ ಮಹಡಿಯ ಬಾಡಿಗೆದಾರರು.

ಹೆಸರು ಚನ್ನಬಸವಯ್ಯ. ಬನಶಂಕರಿಯ ಹೈಸ್ಕೂಲೊಂದರಲ್ಲಿ ಪೌರನೀತಿ ಹೇಳಿಕೊಡುತ್ತಿದ್ದ ಮೇಷ್ಟ್ರು. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿತ್ತು, ಹೆಂಡತಿ ತೀರಿಕೊಂಡಿದ್ದರು. ಮೂರು ಟ್ರಂಕು ಪುಸ್ತಕ, ಒಂದು ಮಂಚ, ಒಂದು ಕುಕ್ಕರಿನೊಂದಿಗೆ ಬಂದು ಸೇರಿಕೊಂಡಿದ್ದರು. ಮೊದಲ ಒಂದು ವರ್ಷ ಬೈರಣ್ಣನಿಗೆ ಅವರ ಮೇಲೆ ಏನೂ ಇರಲಿಲ್ಲ. ಗಲಾಟೆಯಿಲ್ಲ, ನೆಂಟರಿಲ್ಲ. ಮೆಟ್ಟಿಲು ಇಳಿಯುವಾಗ ಚಪ್ಪಲಿ ಸದ್ದು ಕೂಡ ಮೆತ್ತಗೆ.

ಆಮೇಲೆ ಠಾಣೆಗೆ ಹೊಸ ಸಬ್ ಇನ್ಸ್‌ಪೆಕ್ಟರ್ ಬಂದಳು. ಲತಾಮಣಿ ಎಂದು ಹೆಸರು, ಮೂವತ್ತರ ಆಸುಪಾಸು. ಬಂದ ಮೂರನೇ ದಿನವೇ ಕೆರೆ ಪಕ್ಕದ ರಸ್ತೆಯಲ್ಲಿ ಒಂದು ಮನೆಗೆ ಕಳ್ಳರು ನುಗ್ಗಿದರು. ಸಂಜೀವಯ್ಯ ಅಭ್ಯಾಸದಂತೆ ಜೀಪನ್ನು ಬೈರಣ್ಣನ ಮನೆ ಮುಂದೆ ನಿಲ್ಲಿಸಿದ. ಬೈರಣ್ಣ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಗೇಟಿಗೆ ಬರುವುದಕ್ಕೂ, ಹಾಲಿನ ಪ್ಯಾಕೆಟ್ ಹಿಡಿದ ಮೇಷ್ಟ್ರು ಅತ್ತಲಿಂದ ಬರುವುದಕ್ಕೂ ಸರಿಹೋಯಿತು.

"ಸಾರ್!" ಎಂದಳು ಲತಾಮಣಿ. ಜೀಪಿನಿಂದ ಇಳಿದವಳೇ ಯೂನಿಫಾರ್ಮಿನಲ್ಲೇ ಬಗ್ಗಿ ಮೇಷ್ಟ್ರ ಕಾಲು ಮುಟ್ಟಿದಳು. "ಗುರುತು ಸಿಕ್ತಾ ಸಾರ್? ಹತ್ತನೇ ಕ್ಲಾಸು ಬಿ ಸೆಕ್ಷನ್. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಬಾಯಿಪಾಠ ಒಪ್ಪಿಸ್ದೆ ಅಂತ ಬೆಂಚ್ ಮೇಲೆ ನಿಲ್ಸಿದ್ರಿ. ಬಾಯಿಪಾಠ ಬೇಡ, ಅರ್ಥ ಹೇಳು ಅಂದಿದ್ರಿ."

"ಈಗ ನೀನೇ ಕಾರ್ಯಾಂಗ ಆಗಿ ಬಂದಿದೀಯಲ್ಲಮ್ಮ," ಎಂದರು ಮೇಷ್ಟ್ರು.

ಬೈರಣ್ಣ ಗೇಟಿನಲ್ಲೇ ನಿಂತಿದ್ದ. ಮೂವತ್ತೊಂದು ವರ್ಷದಲ್ಲಿ ಎಷ್ಟು ಜನ ಸಬ್ ಇನ್ಸ್‌ಪೆಕ್ಟರುಗಳು ಬಂದು ಹೋದರು! ಅವರಿಗೆ ಇವನು ಚಾ ಕುಡಿಸಿದ್ದ, ಅವರ ಮಕ್ಕಳ ನಾಮಕರಣಕ್ಕೆ ಹೋಗಿದ್ದ. ಒಬ್ಬರಾದರೂ ಇವನ ಕಾಲಿನ ಕಡೆ ನೋಡಿದ್ದುಂಟೇ? ಒಂದು ವರ್ಷದಿಂದ ತನ್ನ ತಲೆಯ ಮೇಲಿನ ಮಹಡಿಯಲ್ಲಿ ಸುಮ್ಮನೆ ಕೂತಿದ್ದ ಮನುಷ್ಯ ಹಾಲಿನ ಪ್ಯಾಕೆಟ್ ಹಿಡಿದುಕೊಂಡೇ ಕಾಲು ಮುಟ್ಟಿಸಿಕೊಂಡುಬಿಟ್ಟ.

"ಇಬ್ಬರು ಪಂಚರು ಬೇಕಿತ್ತು. ನೀವೂ ಬನ್ನಿ ಸಾರ್," ಎಂದಳು ಲತಾಮಣಿ. ಮುಂದಿನ ಸೀಟಿನಲ್ಲಿ ಮೇಷ್ಟ್ರು ಕೂತರು. ಬೈರಣ್ಣ ಹಿಂದೆ, ಲಾಠಿಗಳ ಪಕ್ಕ.

ಕಳ್ಳತನವಾದ ಮನೆಯಲ್ಲಿ ಒಬ್ಬ ಪೇದೆ ಮೊಬೈಲಿನಲ್ಲಿ ವಿಡಿಯೋ ಹಿಡಿದ. ಈಗ ಹೊಸ ಕಾನೂನು, ಎಲ್ಲವನ್ನೂ ವಿಡಿಯೋ ಮಾಡಬೇಕಂತೆ. ಸಂಜೀವಯ್ಯ ಕಿಚನ್ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ಸರಸರನೆ ಬರೆದ. ಬೈರಣ್ಣ ಇನ್ಸ್‌ಪೆಕ್ಟರ್ ಪೆನ್ನು ತೆಗೆದು ಒಂದೇ ಉಸಿರಿಗೆ ಸಹಿ ಜಡಿದು, ಕಾಗದವನ್ನು ಮೇಷ್ಟ್ರ ಕಡೆ ತಳ್ಳಿದ. ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಓದಿದರು. ಹಾಳೆ ತಿರುಗಿಸಿ ಓದಿದರು. ಎದ್ದು ಮನೆಯ ಹಿಂದಕ್ಕೆ ಹೋಗಿ ನೋಡಿ ಬಂದರು.

"ಹಿಂಬಾಗಿಲು ಒಡೆದು ಒಳಗೆ ಬಂದಿದಾರೆ ಅಂತ ಬರೆದಿದೆ. ಈ ಮನೆಗೆ ಹಿಂಬಾಗಿಲೇ ಇಲ್ಲ. ಮುರಿದಿರೋದು ಬಚ್ಚಲಮನೆ ಕಿಟಕಿ ಸರಳು."

ಸಂಜೀವಯ್ಯ ತಲೆ ಕೆರೆದುಕೊಂಡ. ಹೋದ ತಿಂಗಳ ಇನ್ನೊಂದು ಕಳ್ಳತನದ ಮಹಜರನ್ನು ನೋಡಿಕೊಂಡು ಬರೆದಿದ್ದ. ಅವನ ಪದ್ಧತಿಯೇ ಅದು. ಲತಾಮಣಿ ಕಾಗದ ಹರಿದು ಹಾಕಿ ಬೇರೆ ಬರೆಸಿದಳು. ಆಮೇಲೆ ಬೈರಣ್ಣನ ಕಡೆ ತಿರುಗಿದಳು.

"ನೀವೂ ಸಹಿ ಹಾಕಿದ್ರಲ್ಲ? ನೋಡ್ಲಿಲ್ವಾ?"

ಗದರಿಸಿ ಕೇಳಿದ್ದರೆ ಬೈರಣ್ಣ ಸಹಿಸಿಕೊಳ್ಳುತ್ತಿದ್ದ. ಅವಳು ಸುಮ್ಮನೆ, ಕುತೂಹಲಕ್ಕೆಂಬಂತೆ ಕೇಳಿದಳು. ಪಕ್ಕದಲ್ಲಿ ಮೇಷ್ಟ್ರು ಕನ್ನಡಕ ಒರೆಸುತ್ತಿದ್ದರು. ಬೈರಣ್ಣನ ಕಿವಿಯವರೆಗೆ ಬಿಸಿಯೇರಿತು.

ಆ ನಂತರ ಜೀಪು ಬಂದಾಗಲೆಲ್ಲ ಹಾರ್ನ್ ಹೊಡೆಯುತ್ತಿದ್ದುದು ಮೂರನೇ ಮಹಡಿಗೆ. ಒಂದು ಸರಗಳ್ಳತನ, ಒಂದು ಆಕ್ಸಿಡೆಂಟು, ಮಾವಳ್ಳಿ ಕಡೆಯ ಒಂದು ಗೋಡೌನು, ಮೂರಕ್ಕೂ ಮೇಷ್ಟ್ರೇ. ಬೈರಣ್ಣ ನಡುಮನೆಯಲ್ಲಿ ಟಿವಿ ಸದ್ದು ತಗ್ಗಿಸಿ, ಮೆತ್ತಗಿನ ಆ ಚಪ್ಪಲಿ ಮೆಟ್ಟಿಲಿಳಿಯುವುದನ್ನು ಲೆಕ್ಕ ಹಾಕುತ್ತ ಕೂರುತ್ತಿದ್ದ. ಮಹಜರು ಶರ್ಟು ಹಾಕಿಕೊಂಡೇ ಕೂರುತ್ತಿದ್ದ. ಜೀಪು ಹೋದ ಮೇಲೆ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದ.

ಹೊಟ್ಟೆಕಿಚ್ಚು ಎಂಥೆಂಥ ಕೆಲಸ ಮಾಡಿಸುತ್ತದೆ ನೋಡಿ. ಅರವತ್ತಮೂರು ವರ್ಷದ ಮನುಷ್ಯ ಮೇಲಿನ ಟ್ಯಾಂಕಿಗೆ ಹೋಗುವ ವಾಲ್ವು ತಿರುಗಿಸಿ, ಮೂರನೇ ಮಹಡಿಗೆ ನೀರು ನಿಲ್ಲಿಸಿದ. ಮೇಷ್ಟ್ರು ಮಾತಾಡದೆ ಬಕೆಟ್ ಹಿಡಿದು ಕೆಳಗಿನ ನಲ್ಲಿಗೆ ಬಂದರು. ಜಗಳವಾಡಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಲಕ್ಷ್ಮಿದೇವಮ್ಮ ನೋಡಿ ಹಣೆ ಚಚ್ಚಿಕೊಂಡಳು.

"ಪಾಪ, ವಯಸ್ಸಾದೋರು. ನಿಮ್ಗೇನ್ ಬಂತ್ರೀ ಕೇಡುಗಾಲ? ಅವ್ರೇನ್ ನಿಮ್ ಆಸ್ತಿ ಹೊಡ್ಕೊಂಡಿದಾರಾ?"

"ಆಸ್ತಿ ಹೊಡ್ಕೊಂಡಿದ್ರೆ ಪರ್ವಾಗಿರ್ಲಿಲ್ಲ," ಎಂದ ಬೈರಣ್ಣ. ಸತ್ಯವಾಗಿಯೂ ಹಾಗೆಯೇ ಅನ್ನಿಸಿತ್ತು. ಅವಳು ಎದ್ದು ಹೋಗಿ ವಾಲ್ವು ತಿರುಗಿಸಿ ಬಂದಳು.

ಮಧ್ಯಾಹ್ನದ ಹೊತ್ತು ಅವನು ಆ ಚಾ ಅಂಗಡಿಯಲ್ಲಿ ಕೂರತೊಡಗಿದ. ಠಾಣೆಯ ಗೇಟು ಎದುರಿಗೇ. ಯಾರಾದರೂ ಕರೆಯಲಿ ಎಂಬ ಆಸೆ. ಅಲ್ಲಿನ ಕರೆಪ್ಪ ಮೊದಲು ಕಬ್ಬಿನ ಹಾಲಿನ ಗಾಡಿ ಇಟ್ಟುಕೊಂಡಿದ್ದವನು. ನಾಲ್ಕು ವರ್ಷದ ಹಿಂದೆ ಗಾಡಿ ಜಪ್ತಿಯಾಗಿ ಹೋದ ಮೇಲೆ ಬೇರೆಯವರದಾದ ಈ ಅಂಗಡಿಯಲ್ಲಿ ಚಾ ಕಾಸುತ್ತಿದ್ದ. ಬೈರಣ್ಣನ ಮುಂದೆ ಲೋಟ ಇಟ್ಟು ಮಾತಿಲ್ಲದೆ ಹಿಂದಕ್ಕೆ ಹೋಗುತ್ತಿದ್ದ. ಬೈರಣ್ಣ ಅದನ್ನು ಮರ್ಯಾದೆ ಎಂದೇ ತಿಳಿದಿದ್ದ.

ಕಡೆಗೂ ಒಂದು ದಿನ ಸಂಜೀವಯ್ಯ ಗೇಟಿನಿಂದ ಕೈ ಬೀಸಿದ. "ಬೈರಣ್ಣ, ಬಾರಪ್ಪ, ಅರ್ಜೆಂಟು."

ಒಳಗೆ ಪಾಲಿಕೆಯ ಎಂಜಿನಿಯರ್ ಶಶಿಕಾಂತ್ ಕೂತಿದ್ದ. ಮುಂದೆ ಮೇಜಿನ ಮೇಲೆ ಕಾಗದದ ಕಂತೆ. ನಕ್ಷೆಯಲ್ಲಿ ಇಲ್ಲದ ಮಹಡಿ ಎಬ್ಬಿಸಿದ ಕಟ್ಟಡಗಳ ಮೇಲೆ ಕ್ರಮ ತೆಗೆದುಕೊಳ್ಳಿ ಎಂದು ಮೇಲಿನಿಂದ ಒತ್ತಡ ಬಂದಿತ್ತು. ಈ ವಾರ್ಡಿನಲ್ಲಿ ಅಂಥವು ಹತ್ತೊಂಬತ್ತು. ಆ ಮಹಡಿಗಳಿಗೆ ಬೀಗ ಹಾಕುವ ಆದೇಶವನ್ನು ಮಾಲೀಕರ ಕೈಗೆ ಕೊಡಬೇಕು, ಅವರು ಇಲ್ಲದಿದ್ದರೆ ಬಾಗಿಲಿಗೆ ಅಂಟಿಸಿ ಮಹಜರು ಬರೆಯಬೇಕು. ಅಲ್ಲಿಂದ ಮೂವತ್ತು ದಿನ ಮೇಲ್ಮನವಿಗೆ ಗಡುವು. ಆದೇಶ ಸಹಿಯಾಗಿ ವಾರವಾಗಿತ್ತು, ಅಂಟಿಸಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ಹತ್ತೊಂಬತ್ತು ಮಹಜರು ಮಾತ್ರ ಕಂಪ್ಯೂಟರಿನಿಂದ ಒಂದೇ ಸಲಕ್ಕೆ ಇಳಿದುಬಂದಿದ್ದವು.

ಲತಾಮಣಿ ಆ ದಿನ ಮಂತ್ರಿಯೊಬ್ಬರ ಬಂದೋಬಸ್ತಿಗೆ ಹೋಗಿದ್ದಳು. ಆದರೆ ಹೋಗುವ ಮೊದಲು, ಪಂಚರು ಬೇಕಾದರೆ ಚನ್ನಬಸವಯ್ಯ ಸಾರನ್ನು ಕರೆಯಿರಿ ಎಂದು ಹೇಳಿಹೋಗಿದ್ದಳು. ಹಾಗಾಗಿ ಮೇಷ್ಟ್ರು ಆಗಲೇ ಬೆಂಚಿನ ಮೇಲಿದ್ದರು. ಬೈರಣ್ಣ ಒಳಗೆ ಬರುವಾಗ ಅವರು ಹೇಳುತ್ತಿದ್ದರು:

"ಜಾಗ ಎಲ್ಲಿದೆ ಹೇಳಿ, ಹೋಗೋಣ. ಅಂಟಿಸೋದನ್ನ ನೋಡ್ತೀನಿ, ಸಹಿ ಹಾಕ್ತೀನಿ."

"ಅಂಟ್ಸಿದ್ದಾಯ್ತು ಸಾರ್. ನಮ್ ಹುಡುಗ್ರು ಬೆಳಗ್ಗೇನೇ ಮುಗ್ಸಿದಾರೆ," ಎಂದ ಶಶಿಕಾಂತ್.

"ಅಂಟಿಸುವಾಗ ನಾನು ಇರಲಿಲ್ಲವಲ್ಲ. ನಮ್ಮ ಕಣ್ಣೆದುರು ಅಂತ ಬರೆದಿದ್ದೀರಿ. ಎಲ್ಲಿ, ಆ ಕಾಗದ ಕೊಡಿ, ಯಾವ ಯಾವ ಮನೆ ನೋಡೋಣ."

ಶಶಿಕಾಂತ್ ಕಂತೆಯನ್ನು ತನ್ನ ಕಡೆಗೆ ಎಳೆದುಕೊಂಡ. "ಸಹಿ ಹಾಕ್ದೇ ಇರೋರಿಗೆ ಆಫೀಸ್ ಪೇಪರ್ ತೋರ್ಸೋಕಾಗಲ್ಲ ಸಾರ್. ಸಂಜೀವಯ್ಯ, ಬೇರೆ ಯಾರೂ ಇಲ್ವೇನ್ರೀ ನಿಮ್ಮತ್ರ?"

ಬೈರಣ್ಣನ ಎದೆ ಉಬ್ಬಿತು. ಎಷ್ಟು ವಾರಗಳಿಂದ ಕಾದಿದ್ದ ಮಾತು! ಜೇಬಿನಿಂದ ಪೆನ್ನು ತೆಗೆದು, ಮೇಷ್ಟ್ರ ಮುಂದೆಯೇ ಅದರ ಟೋಪಿಯನ್ನು ಟಕ್ಕೆಂದು ಬಿಚ್ಚಿದ.

"ನಾನಿಲ್ವಾ ಸಾರ್? ಸರ್ಕಾರದ ಮೇಲೆ ನಂಬ್ಕೆ ಇರೋರು ಸಹಿ ಹಾಕ್ತಾರೆ. ಇಲ್ದೇ ಇರೋರು ಮನೆಗ್ ಹೋಗ್ತಾರೆ. ಕೊಡಿ ಇಲ್ಲಿ."

ಮೇಷ್ಟ್ರು ಅವನ ಮುಖ ನೋಡಿದರು. "ಒಂದ್ಸಲ ಓದಿ ಬೈರಣ್ಣ," ಎಂದರು ಮೆಲ್ಲಗೆ.

ಅವರು ಹಾಗೆ ಹೇಳದಿದ್ದರೆ ಬಹುಶಃ ಒಂದೆರಡು ಸಾಲನ್ನಾದರೂ ಅವನು ಓದುತ್ತಿದ್ದನೇನೋ. ಹೇಳಿದ ಮೇಲೆ ಓದುವುದುಂಟೇ? ಹತ್ತೊಂಬತ್ತು ಹಾಳೆ, ಹಾಳೆಗೆ ಎರಡು ಸಹಿ, ಕತ್ತು ಎತ್ತದೆ ಹಾಕಿದ. ಪ್ರತಿ ಸಹಿಯ ಕೆಳಗೆ ಗೆರೆ ಎಳೆದು ಎರಡು ಚುಕ್ಕಿ ಇಡುವುದನ್ನೂ ಬಿಡಲಿಲ್ಲ. ಇನ್ನೊಬ್ಬ ಪಂಚನಾಗಿ ಪಾಲಿಕೆ ಜೀಪಿನ ಡ್ರೈವರು ಹಾಕಿದ. ಮುಗಿಸಿ ತಲೆಯೆತ್ತಿದಾಗ ಮೇಷ್ಟ್ರು ಹೊರಟುಹೋಗಿದ್ದರು. ಬೈರಣ್ಣ ಆ ದಿನ ಮನೆಗೆ ಬಂದು ಎರಡು ಮುದ್ದೆ ಉಂಡು, ಹಾಯಾಗಿ ನಿದ್ದೆ ಹೊಡೆದ.

ನಲವತ್ತು ದಿನ ಕಳೆದಿರಬೇಕು. ಒಂದು ಬುಧವಾರ ಬೆಳಗ್ಗೆ ಹತ್ತೂವರೆಗೆ ಬೀದಿಗೆ ಪಾಲಿಕೆಯ ಲಾರಿ ಬಂತು, ಹಿಂದೆಯೇ ಪೊಲೀಸ್ ಜೀಪು. ಬೈರಣ್ಣ ಹಾರ್ನ್ ಕೇಳಿದವನೇ ಶರ್ಟು ಹಾಕಿಕೊಂಡು ಓಡಿ ಬಂದ. ತನ್ನನ್ನೇ ಕರೆಯಲು ಬಂದಿದ್ದಾರೆ ಎಂದುಕೊಂಡಿದ್ದ. ಶಶಿಕಾಂತ್ ಅವನನ್ನು ದಾಟಿ ಕಟ್ಟಡವನ್ನು ತಲೆಯೆತ್ತಿ ನೋಡಿದ.

"ಲಕ್ಷ್ಮಿದೇವಮ್ಮ ಅಂದ್ರೆ ಯಾರು? ಥರ್ಡ್ ಫ್ಲೋರ್ ಖಾಲಿ ಮಾಡ್ಸಿ. ಸೀಲ್ ಮಾಡ್ಬೇಕು."

ಬೈರಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಖಾತೆ ಹೆಂಡತಿಯ ಹೆಸರಿನಲ್ಲಿತ್ತು ನಿಜ. ಹೆಂಗಸಿನ ಹೆಸರಿನಲ್ಲಿದ್ದರೆ ಏಳಿಗೆ ಎಂದು ಜೋಯಿಸರೊಬ್ಬರು ಹೇಳಿದ್ದರು. ನಕ್ಷೆಯಲ್ಲಿ ಇರುವುದು ಎರಡೇ ಮಹಡಿ, ಅದೂ ನಿಜ. ಎರಡು ವರ್ಷದ ಹಿಂದೆ ಯಾವುದೋ ನೋಟಿಸು ಬಂದಿತ್ತು. ಠಾಣೆಯೇ ನನ್ನದಾಗಿರುವಾಗ ನನಗೇನು ಎಂದು ಅದನ್ನು ಟಿವಿ ಕೆಳಗೆ ಸೇರಿಸಿದ್ದ.

ಲಕ್ಷ್ಮಿದೇವಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ನೋಟೀಸು ಗೀಟೀಸು ಏನೂ ಕೊಡ್ದೇ ಹಿಂಗ್ ನುಗ್ಬೋದಾ ಸಾರ್? ನಾನು ಒಂದಿನಾನೂ ಮನೆ ಬಿಟ್ಟು ಹೋಗಿಲ್ಲ."

"ಕೊಟ್ಟಿದೀವಮ್ಮ. ನೀವ್ ಇರ್ಲಿಲ್ಲ, ಬಾಗ್ಲಿಗೆ ಅಂಟ್ಸಿದೀವಿ. ಗಡುವೂ ಮುಗ್ದೋಯ್ತು. ಇಲ್ನೋಡಿ ಮಹಜರು." ಶಶಿಕಾಂತ್ ಫೈಲು ತೆರೆದು ಗಟ್ಟಿಯಾಗಿ ಓದಿದ. "ಸದರಿ ಸ್ವತ್ತಿನ ಮಾಲೀಕರಾದ ಶ್ರೀಮತಿ ಲಕ್ಷ್ಮಿದೇವಮ್ಮ ಕೋಂ ಬೈರಣ್ಣ ರವರು ಸ್ಥಳದಲ್ಲಿ ಹಾಜರಿಲ್ಲದ ಕಾರಣ, ಆದೇಶದ ಪ್ರತಿಯನ್ನು ಕೆಳಕಂಡ ಪಂಚರ ಸಮಕ್ಷಮ ಮುಂಬಾಗಿಲಿಗೆ ಅಂಟಿಸಲಾಯಿತು. ಪಂಚರು, ಒಂದು, ಬೈರಣ್ಣ ಬಿನ್ ಮುನಿಯಪ್ಪ..."

ಓದುತ್ತಿದ್ದವನು ನಿಲ್ಲಿಸಿದ. ಅವನಿಗೂ ಅದು ಆಗಲೇ ಹೊಳೆದದ್ದು.

"ಎಲ್ಲಿ, ಕೊಡಿ," ಎಂದು ಲತಾಮಣಿ ಹಾಳೆ ತೆಗೆದುಕೊಂಡಳು. ಸಹಿ, ಕೆಳಗೆ ಗೆರೆ, ಎರಡು ಚುಕ್ಕಿ. "ಈ ಸಹಿ ನಿಮ್ದಾ ಬೈರಣ್ಣ?"

ಲಕ್ಷ್ಮಿದೇವಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. "ರೀ, ನಾನು ಮನೇಲಿರ್ಲಿಲ್ಲ ಅಂತ ನೀವೇ ಸಹಿ ಹಾಕ್ಕೊಟ್ರಾ? ಅವತ್ತು ಬಂದು ಎರಡು ಮುದ್ದೆ ಉಂಡ್ರಲ್ಲ, ಅದನ್ನ ಬಡಿಸ್ದೋಳು ಯಾರು?"

ನೆರೆದವರು ನಕ್ಕರು. ಲಾರಿಯ ಕೂಲಿಗಳೂ ನಕ್ಕರು. ಬೈರಣ್ಣನಿಗೆ ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು. ಸಂಜೀವಯ್ಯ ಬಳಿ ಬಂದು ಕಿವಿಯಲ್ಲಿ ಪಿಸುಗುಟ್ಟಿದ.

"ಹೌದು ನಂದೇ ಅಂದ್ಬಿಡು. ಮರ್ತಿದ್ದೆ ಅನ್ನು. ಆಮೇಲೆ ಯಾವ್ದಾದ್ರೂ ಲಾಯರ್ ಹಿಡಿಯೋಣ. ನೋಡ್ದೇ ಹಾಕ್ದೆ ಅಂತ ಬಾಯ್ಬಿಟ್ಯೋ, ಮೂವತ್ತೊಂದು ವರ್ಷದ್ದೂ ಕೆದಕ್ತಾರೆ. ಎರಡ್ ತಿಂಗಳಲ್ಲಿ ನನ್ ರಿಟೈರ್‌ಮೆಂಟು ಕಣೋ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಅದೇ ಮೆತ್ತಗಿನ ಚಪ್ಪಲಿ ಸದ್ದು. ಮೇಷ್ಟ್ರು ಪುಸ್ತಕದ ಟ್ರಂಕೊಂದನ್ನು ಎಳೆದುಕೊಂಡು ಇಳಿಯುತ್ತಿದ್ದರು. ಮೇಲಿನಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿರಬೇಕು. ನಾನು ಅವತ್ತೇ ಹೇಳಿದೆ ಎನ್ನಲಿಲ್ಲ, ಬೈರಣ್ಣನ ಕಡೆ ನೋಡಲೂ ಇಲ್ಲ. ಟ್ರಂಕನ್ನು ಗೇಟಿನ ಪಕ್ಕ ಇಟ್ಟು ಉಸಿರು ತೆಗೆದುಕೊಂಡರು. ಎಲ್ಲಿಗೆ ಹೋಗುವವರಿದ್ದರೋ ಅವರಿಗೇ ಗೊತ್ತಿರಲಿಲ್ಲ. ಒಂದು ಕ್ಷಣ ಬೈರಣ್ಣನಿಗೆ ಖುಷಿಯಾಯಿತು ಎಂದರೆ ನಂಬುತ್ತೀರಾ? ಮಹಡಿ ಹೋದರೆ ಹೋಗಲಿ, ಈ ಮನುಷ್ಯನೂ ಹೋಗುತ್ತಾನಲ್ಲ! ಜೀಪು ಮತ್ತೆ ನನ್ನ ಹೆಸರು ಹಿಡಿದು ಕೂಗುತ್ತದೆ! ಹೂಂ ಎನ್ನಲು ಅವನು ಬಾಯಿ ತೆರೆದ.

ಅವನು ಮಾತಾಡುವ ಮೊದಲೇ ಲತಾಮಣಿ ಆ ಕಡೆ ತಿರುಗಿದಳು. "ಸಾರ್, ಅವತ್ತು ನೀವೂ ಠಾಣೆಗೆ ಬಂದಿದ್ರಂತಲ್ಲ? ಏನಾಯ್ತು, ನೀವು ಹೇಳಿ. ನೀವು ಹೇಳಿದ್ದನ್ನ ಬರ್ಕೋತೀನಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಹೇಳಲು ತಯಾರಾಗುತ್ತಿದ್ದರು. ಬೈರಣ್ಣನ ಮೈಯೆಲ್ಲ ಉರಿದುಹೋಯಿತು. ಸಹಿ ತನ್ನದು. ಮನೆ ತನ್ನದು. ಹೆಂಡತಿ ತನ್ನವಳು. ಮಾನ ಹೋಗುತ್ತಿರುವುದೂ ತನ್ನದೇ. ಇದಕ್ಕೂ ಅವರೇ ಸಾಕ್ಷಿಯೇ? ತಾನು ಮಾಡಿದ ತಪ್ಪನ್ನು ಹೇಳುವ ಅಧಿಕಾರವೂ ಅವರಿಗೇನಾ?

"ಅವ್ರನ್ನ ಯಾಕ್ ಕೇಳ್ತೀರಾ ಮೇಡಂ?" ಎಂದು ಕಿರುಚಿದ. "ಸಹಿ ನಂದು, ನನ್ನ ಕೇಳಿ! ಅಂಟ್ಸಿದ್ದೂ ಇಲ್ಲ, ನಾನ್ ನೋಡಿದ್ದೂ ಇಲ್ಲ. ಬೆಂಚ್ ಮೇಲೆ ಕೂತು ಹತ್ತೊಂಬತ್ತಕ್ಕೂ ಹಾಕ್ದೆ. ಅವತ್ತೊಂದಿನ ಅಲ್ಲ, ಯಾವತ್ತೂ ಹಂಗೇ ಹಾಕ್ತಿದ್ದಿದ್ದು. ಓದಿಲ್ಲ. ಒಂದೂ ಓದಿಲ್ಲ."

ಶಶಿಕಾಂತ್ ಫೈಲು ಮುಚ್ಚಿದ. ಸಂಜೀವಯ್ಯ ಜೀಪಿನ ಮಡ್ಗಾರ್ಡಿಗೆ ಒರಗಿಕೊಂಡ. ಸಾಕ್ಷಿಯೇ ಸುಳ್ಳೆಂದ ಮೇಲೆ ಬೀಗ ಹಾಕಲು ಬರುವುದಿಲ್ಲ, ಎಲ್ಲ ಹತ್ತೊಂಬತ್ತು ಮನೆಗೂ ಹೊಸದಾಗಿ ಆದೇಶ ಕೊಡಬೇಕು ಎಂದು ಲತಾಮಣಿ ಹೇಳಿದಳು. ಲಾರಿ ವಾಪಸ್ಸು ಹೋಗಲಿ ಎಂದಳು. ಮೂರನೇ ಮಹಡಿಗೆ ಇನ್ನೊಂದು ಮೂವತ್ತು ದಿನ ಸಿಕ್ಕಿತು. ಯಾರೂ ಬೈರಣ್ಣನ ಬೆನ್ನು ತಟ್ಟಲಿಲ್ಲ.

ಲಾರಿಯವರಿಗೆ ಚಾ ತಂದಿದ್ದ ಕರೆಪ್ಪ ಫ್ಲಾಸ್ಕನ್ನು ಕೆಳಗಿಟ್ಟು ಮುಂದೆ ಬಂದ. ಬೈರಣ್ಣನಿಗೆ ಇಷ್ಟು ಹತ್ತಿರ ನಿಂತು ಅವನು ಮಾತಾಡಿದ್ದೇ ಇರಲಿಲ್ಲ.

"ಅಣ್ಣ, ನನ್ ಗಾಡಿದು? ವಾರಸುದಾರರಿಲ್ಲದೆ ರಸ್ತೇಲಿ ಬಿದ್ದಿತ್ತು ಅಂತ ನೀನ್ ಸಹಿ ಹಾಕಿದ್ಯಂತೆ. ನಾನು ಠಾಣೆ ಗೇಟಲ್ಲಿ ನಿಂತು ನಂದು ನಂದು ಅಂತ ಬಡ್ಕೋತಿದ್ದೆ. ಅದೂ ನೋಡ್ದೇ ಹಾಕಿದ್ದಾ?"

ಬೈರಣ್ಣನಿಗೆ ಆ ದಿನ ನೆನಪಿತ್ತು. ಗೇಟಿನಲ್ಲಿ ಯಾರೋ ಕೂಗುತ್ತಿದ್ದರು. ಏನು ಗಲಾಟೆ ಎಂದು ಕೇಳಿದ್ದಕ್ಕೆ ಸಂಜೀವಯ್ಯ ಏನಿಲ್ಲ ಹಾಕು ಎಂದಿದ್ದ. ಹಾಕಿದ್ದ. ಆಮೇಲೆ ನಾಲ್ಕು ವರ್ಷ ಅವನ ಕೈಯಿಂದಲೇ ಚಾ ಕುಡಿದಿದ್ದ.

ಬೈರಣ್ಣ ಹೂಂ ಎಂದು ತಲೆಯಾಡಿಸಿದ. ಕರೆಪ್ಪ ಫ್ಲಾಸ್ಕು ಎತ್ತಿಕೊಂಡು ಹಿಂದೆ ಸರಿದ.

ಲತಾಮಣಿ ಜೀಪಿನ ಬಾನೆಟ್ಟಿನ ಮೇಲೆ ಬಿಳಿ ಹಾಳೆ ಇಟ್ಟು ತಾನೇ ಹೇಳಿಕೆ ಬರೆದಳು. ಬರೆದು ಮುಗಿಸಿ ಬೈರಣ್ಣನಿಗೆ ಓದಿ ಹೇಳಿದಳು.

"ತಡೀರಿ ಮೇಡಂ," ಎಂದ ಬೈರಣ್ಣ. "ಗಾಡಿದು ಬರೀಲಿಲ್ಲ. ಕರೆಪ್ಪನ ಕಬ್ಬಿನ ಗಾಡಿ. ಅದೂ ಸೇರ್ಸಿ."

ಸಂಜೀವಯ್ಯ ಕಣ್ಣು ಮುಚ್ಚಿಕೊಂಡ. ಲತಾಮಣಿ ಒಂದು ಕ್ಷಣ ಬೈರಣ್ಣನನ್ನು ನೋಡಿ, ಮತ್ತೆ ನಾಲ್ಕು ಸಾಲು ಬರೆದಳು. ಆಗ ಬೈರಣ್ಣ ಒಳಗಿನಿಂದ ಕನ್ನಡಕ ತರಿಸಿಕೊಂಡ. ಹಾಳೆಯ ಮೇಲೆ ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದ. ಕಾಲು ಗಂಟೆ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಹೇಳಿಕೆ ಕೊಟ್ಟವರ ಜಾಗದಲ್ಲಿ ಸಹಿ ಹಾಕಿದ. ಗೆರೆ ಎಳೆಯಲಿಲ್ಲ, ಚುಕ್ಕಿ ಇಡಲಿಲ್ಲ.

"ಸಾರ್, ಇಲ್ಲಿ ಪಂಚರಾಗಿ ನೀವೊಂದು ಸಹಿ," ಎಂದಳು ಲತಾಮಣಿ.

ಮೇಷ್ಟ್ರು ಜೇಬು ತಡಕಿಕೊಂಡರು. ಪೆನ್ನು ಮೇಲೆ ಉಳಿದಿತ್ತು. ಬೈರಣ್ಣ ಕೈಯಲ್ಲಿದ್ದ ಇನ್ಸ್‌ಪೆಕ್ಟರ್ ಪೆನ್ನನ್ನು ಇನ್ನೂ ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ಮುಂದೆ ಚಾಚಿದ.

ಅವರು ಹಾಳೆ ತೆಗೆದುಕೊಂಡು ಎಂದಿನಂತೆ ಪೂರ್ತಿ ಓದಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು. ನಂತರ ಕೆಳಗೆ ತಮ್ಮ ಹೆಸರು ಬರೆದರು. ಅಕ್ಷರ ದುಂಡಗೆ, ಮುದ್ದಾಗಿತ್ತು. "ಥ್ಯಾಂಕ್ಸ್ ಸಾರ್," ಎಂದಳು ಲತಾಮಣಿ, ಮೇಷ್ಟ್ರಿಗೆ. ಬೈರಣ್ಣ ಆ ಹೆಸರನ್ನೇ ನೋಡುತ್ತ ನಿಂತ. ಮಹಡಿ ಉಳಿಯಿತೋ ಹೋಯಿತೋ ಅವನಿಗೆ ಆಗ ನೆನಪೇ ಇರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವನು ಓದಿ ಸಹಿ ಹಾಕಿದ ಮೊದಲ ಕಾಗದ ಅದು. ಅದರಲ್ಲೂ ಪಂಚ ಬೇರೆಯವರು.